ಅರ್ಧಕ್ಕೆ ಕತ್ತರಿಸಿದ ಸದ್ದು

ಕಿತ್ತಳೆ ಬಣ್ಣದ ರಬ್ಬರ್ ಕೈಗವಸು, ಬಲಗೈಯದು ಎಲ್ಲರದರ ಹಾಗೆ, ಎಡಗೈಯದರಲ್ಲಿ ಮೂರು ಬೆರಳನ್ನು ಬುಡದಲ್ಲೇ ಹಸಿರು ದಾರದಿಂದ ಬಿಗಿದು ಗಂಟು ಹಾಕಿದೆ, ಅದನ್ನು ನೋಡಬಾರದು ಎಂದುಕೊಂಡು ರೋವೀನಾ ನೀರನ್ನು ನೋಡುತ್ತಾಳೆ, ದೋಣಿ ತೂಗುತ್ತಿದೆ, ಡೀಸೆಲ್ ವಾಸನೆಯೊಳಗೆ ದೋಣಿಯ ಯಜಮಾನ ಎಮರಿ ಆ ಕೈಯಿಂದಲೇ ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟ ಚಹಾದ ವಾಸನೆ, ಇವತ್ತು ಹೇಳಿಬಿಡಬೇಕು, ಲೂನೆನ್‌ಬರ್ಗ್ ದಾಟುವಾಗ ಕಾರಿನಲ್ಲಿ ಒಬ್ಬಳೇ ಬಾಯಿಬಿಟ್ಟು ಹೇಳಿ ನೋಡಿದ್ದಳು, ಎಮರಿ, ತಪ್ಪು ನಿಮ್ಮದಲ್ಲ, ನನ್ನದು — ನಾಲ್ಕೇ ಮಾತು, ನಾಲಿಗೆಗೆ ಅಷ್ಟೂ ಭಾರವೇ. ಚಹಾ ಕುಡಿಯಮ್ಮ, ಆರ್ಹೋಗುತ್ತೆ, ಏನ್ ಹಂಗ್ ನೋಡ್ತಿದ್ದೀಯ, ಬೆರಳಾ, ಬಿಡು, ಪಿಯಾನೋ ನುಡ್ಸೋ ಆಸೆ ಮೊದ್ಲೇ ಇರ್ಲಿಲ್ಲ, ನನ್ ಹೆಂಡ್ತಿ ವರ್ನಾ ಅಂತೂ ಪಾತ್ರೆ ತೊಳ್ಯೋದು ತಪ್ಪಿಸ್ಕೊಳ್ಳೋಕೇ ಹಿಂಗ್ ಮಾಡ್ಕೊಂಡೆ ಅಂತಾಳೆ. ರೋವೀನಾ ನಗುತ್ತಾಳೆ, ನಗಬಾರದಿತ್ತು, ನಗುವ ಹಕ್ಕು ತನಗಿಲ್ಲ.

ರೋವೀನಾಳ ಕಂಪನಿ ಮಾಡಿದ ಹಗ್ಗವಿಲ್ಲದ ಬೋನು, ತಿಮಿಂಗಿಲಗಳು ಹಗ್ಗಕ್ಕೆ ಸುತ್ತಿಕೊಂಡು ಸಾಯಬಾರದೆಂದು, ಬೋನು ಲಾಬ್‌ಸ್ಟರ್ ಹಿಡಿದು ಕಡಲ ತಳದಲ್ಲಿ ಕೂತಿರುತ್ತದೆ, ದೋಣಿಯಿಂದ ತಂತಿಗೆ ಕಟ್ಟಿದ ಗುಂಡೊಂದನ್ನು ನೀರಿಗಿಳಿಸಿ ಸದ್ದಿನಲ್ಲಿ ಕರೆದರೆ ಅದರ ಪೆಟ್ಟಿಗೆ ತೇಲುಗುಂಡನ್ನು ಬಿಡುತ್ತದೆ, ಆದರೆ ನೀರು ಮಾತನ್ನು ನೆಟ್ಟಗೆ ಒಯ್ಯುವುದಿಲ್ಲ, ಅಲೆಗೆ ಬಡಿದದ್ದು, ಬಂಡೆಗೆ ಬಡಿದದ್ದು, ಹಿಂದಿನ ಸದ್ದಿನ ಪ್ರತಿಧ್ವನಿ ಮುಂದಿನದರ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ, ಅದಕ್ಕೇ ಅಪ್ಪಣೆಗಿಂತ ಮೊದಲು ಎರಡೂ ಕಡೆಗೆ ಬಾಯಿಪಾಠವಿರುವ ಸದ್ದಿನ ಸಾಲೊಂದು, ಬರಬೇಕಾದದ್ದು ಯಾವುದು, ಬಂದದ್ದು ಹೇಗೆ, ತಳದ ಪೆಟ್ಟಿಗೆ ಎರಡನ್ನೂ ಹೋಲಿಸಿ ಈ ನೀರಿನ ಸೊಟ್ಟತನ ಕಲಿಯುತ್ತದೆ, ಕಲಿತು ನೆಟ್ಟಗೆ ಮಾಡಿಕೊಂಡು ಕೇಳುತ್ತದೆ. ಆ ಪಾಠ ಎರಡು ಸೆಕೆಂಡಿನದು. ಬ್ಯಾಟರಿ ಇಡೀ ಹಂಗಾಮು ಬರ್ಬೇಕು ರೋವೀನಾ, ಎಲ್ಲಾದ್ರೂ ಉಳಿಸು, ಎಂದಿದ್ದರು ಕಂಪನಿಯ ಮೇಲಿನವರು, ಅವಳು ಉಳಿಸಿದ್ದು ಅಲ್ಲೇ, ಒಂದೇ ಸೆಕೆಂಡು ಸಾಕೆಂದು ಅರ್ಧಕ್ಕೆ ಕತ್ತರಿಸಿದಳು, ಡಾರ್ಟ್‌ಮತ್‌ನ ಪರೀಕ್ಷಾ ತೊಟ್ಟಿಯಲ್ಲಿ ತೇಲುಗುಂಡು ಇನ್ನೂರಕ್ಕೆ ಇನ್ನೂರು ಸಲ ಮೇಲೆ ಬಂತು, ತೊಟ್ಟಿಯಲ್ಲಿ ಬಂಡೆ ಎಲ್ಲಿತ್ತು, ಅಲೆ ಎಲ್ಲಿತ್ತು.

ಡಿಸೆಂಬರಿನಲ್ಲಿ ಎಮರಿಯ ಫೋನು, ತೇಲುಗುಂಡು ಕರ್ದ್ರೂ ಬರ್ತಿಲ್ಲಮ್ಮ, ಹತ್ ಸಲ ಕರ್ದೆ, ಅವಳಿಗೆ ಆಗಲೇ ಗೊತ್ತಾಗಿತ್ತು, ಒಂದು ಸೆಕೆಂಡು, ಆ ಒಂದು ಸೆಕೆಂಡು, ಆದರೆ ಬಾಯಿಂದ ಬಂದದ್ದೇ ಬೇರೆ, ನೀರಿಗೆ ಇಳಿಸೋ ಸದ್ದಿನ ಗುಂಡನ್ನ ಡೊಂಕಾಗಿ ಹಿಡ್ದಿರ್ತೀರ ಎಮರಿ, ನೆಟ್ಟಗೆ ಹಿಡೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರು ನಂಬಿದರು, ಮತ್ತೆ ಹತ್ತು ಸಲ ನೆಟ್ಟಗೆ ಹಿಡಿದರು, ಆಮೇಲೆ ಬಾವಿಗೆ ಬಿದ್ದ ಕೊಡವನ್ನು ಹುಡುಕುವ ಹಾಗೆ ಪಾತಾಳಗರಡಿ ಎಸೆದು ತಳ ತಡಕಿದರು, ಕೊಕ್ಕೆ ಬಂಡೆಗೆ ಕಚ್ಚಿತು, ದೋಣಿ ತಿರುಗಿತು, ಹಗ್ಗ ಬಿಗಿಯಿತು, ಹಗ್ಗದೊಳಗೆ ಎಡಗೈ — ಆಸ್ಪತ್ರೆಗೆ ಅವಳು ಹೂವು ಕಳಿಸಿದಳು. ಹೂವು.

ರಾತ್ರೋರಾತ್ರಿ ಯಾರಿಗೂ ಹೇಳದೆ ಪಾಠವನ್ನು ಪೂರ್ತಿ ಎರಡು ಸೆಕೆಂಡಿಗೆ ಮರಳಿಸಿದ್ದಾಳೆ, ಎಮರಿಗೆ ಹೇಳಿದ್ದು ಹೊಸ ಪೆಟ್ಟಿಗೆ ಎಂದಷ್ಟೇ, ಈಗ ಅವರು ಸದ್ದಿನ ಗುಂಡನ್ನು ಇಳಿಸುತ್ತಾರೆ, ಉಳಿದೆರಡು ಬೆರಳಿನಲ್ಲಿ ತಂತಿ ಹಿಡಿದು, ಉಸಿರು ಬಿಗಿಹಿಡಿದು, ಎಷ್ಟು ನೆಟ್ಟಗೆ, ದೇವರೇ, ಎಷ್ಟು ನೆಟ್ಟಗೆ, ಅವಳು ಕರೆಯ ಬಟನ್ ಒತ್ತುತ್ತಾಳೆ, ಒಂದು, ಎರಡು — ಬರದಿರಲಿ ಎಂದು ಮನಸ್ಸಿನ ಯಾವುದೋ ಮೂಲೆ ಬೇಡುತ್ತದೆ — ನೀರು ಸೀಳಿಕೊಂಡು ಹಳದಿ ತೇಲುಗುಂಡು ಮೇಲೆ ಬಂತು. ನೋಡ್ದ್ಯಾ, ಈ ಸಲ ಸರಿಯಾಗ್ ಹಿಡ್ದೆ, ನೀನ್ ಅವತ್ತೇ ಹೇಳಿದ್ದೆ ಪಾಪ, ನಾನೇ ಕೇಳ್ಲಿಲ್ಲ, ಶುಕ್ರವಾರ ಮೀನುಗಾರರ ಸಭೇಲಿ ಎಲ್ರಿಗೂ ಈ ಕೈ ತೋರ್ಸಿ ಹೇಳ್ತೀನಿ, ಡೊಂಕಾಗಿ ಹಿಡೀಬೇಡ್ರಪ್ಪ ಅಂತ, ಸರಿ ತಾನೆ. ಎಮರಿ, ತಪ್ಪು — ಅವಳ ಬಾಯಿ ತೆರೆಯುತ್ತದೆ, ಹೌದು ಎಮರಿ, ಈ ಸಲ ಸರಿಯಾಗೇ ಹಿಡಿದ್ರಿ ಅನ್ನುತ್ತದೆ, ಅವರು ತೇಲುಗುಂಡಿನ ಕಡೆ ಕೈ ಚಾಚುತ್ತಾರೆ, ಕಿತ್ತಳೆ ಬಣ್ಣದ ಕೈಗವಸು, ಹಸಿರು ದಾರ, ಒಂದು ಗಂಟು, ಎರಡು ಗಂಟು, ಮೂರು ಗಂಟು, ಕಿತ್ತಳೆ ಬಣ್ಣದ ಕೈಗವಸು, ಹಸಿರು ದಾರ