ಮುಂದಿನ ಸಾಲಿನ ಮುಖ

ಊರಿನವರು ಅವನನ್ನು ಡಂಗುರ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನೂ ಬೇಸರಿಸದೆ ಆಫೀಸಿನ ಬೋರ್ಡಿನ ಮೇಲೆ ಅದನ್ನೇ ಬರೆಸಿಬಿಟ್ಟಿದ್ದ: 'ಡಂಗುರ ಪ್ರಚಾರ ಸೇವೆ, ಕಲಾವಿದರಿಗೆ ಮಾತ್ರ'. 'ಮಾತ್ರ' ಎಂದದ್ದು ಗತ್ತಿಗೆ. ಬೇರೆ ಯಾರೂ ಅವನನ್ನು ಕೇಳಿಕೊಂಡು ಬಂದಿರಲಿಲ್ಲ. ಟೈಲರ್ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗೆ ಹೊಲಿಗೆ ಯಂತ್ರ ಓಡಿದಾಗಲೆಲ್ಲ ಮೇಲೆ ಅವನ ಮೇಜು ನಡುಗುತ್ತಿತ್ತು, ಕಂಪ್ಯೂಟರಿನೊಳಗಿನ ಗಾಯಕರ ಮುಖಗಳೂ ನಡುಗುತ್ತಿದ್ದವು.

ಅವನ ಗಿರಾಕಿಗಳೆಂದರೆ ವಾರವಿಡೀ ಆಫೀಸಿನಲ್ಲಿ ದುಡಿದು ಭಾನುವಾರ ಹಾಡುವವರು, ಕುದುರೆಗಳನ್ನಷ್ಟೇ ಬರೆಯುವ ಒಬ್ಬ ಚಿತ್ರಗಾರ, ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರೂ ಒಟ್ಟಿಗೆ ಡೋಲು ಬಾರಿಸುವ ಅಣ್ಣತಮ್ಮಂದಿರು. ಇವರಿಗೆಲ್ಲ ಅವನು ಪೋಸ್ಟರ್ ಮಾಡುತ್ತಿದ್ದ, ಪತ್ರಿಕೆಯವರ ಕೈಕಾಲು ಹಿಡಿಯುತ್ತಿದ್ದ, ವಿಶೇಷಣ ಹಂಚುತ್ತಿದ್ದ. ಪತ್ರಿಕೆಯಲ್ಲಿ ಒಮ್ಮೆ ಹೆಸರು ಬಂದಿದ್ದರೆ 'ಖ್ಯಾತ'. ಫೋಟೋ ಸಮೇತ ಬಂದಿದ್ದರೆ 'ಪ್ರಖ್ಯಾತ'. ಏನೂ ಬಂದಿರದೆ ಜಗಳಕ್ಕೆ ನಿಂತವರಿಗೆ 'ಸುಪ್ರಸಿದ್ಧ'.

ಈ ಕಸುಬಿನಲ್ಲಿ ಅವನಿಗಿದ್ದ ಶತ್ರು ಒಂದೇ, ಖಾಲಿ ಕುರ್ಚಿ. ಶ್ರುತಿ ತಪ್ಪಿದರೆ ಫೋಟೋದಲ್ಲಿ ಕೇಳಿಸುವುದಿಲ್ಲ. ಕುರ್ಚಿ ಖಾಲಿಯಿದ್ದರೆ ಎದ್ದು ಕಾಣಿಸುತ್ತದೆ. ಹಾಗಾಗಿ ಯಾರ ಸಂಗೀತ ಕಛೇರಿಯಿದ್ದರೂ ಮುಂದಿನ ಸಾಲಿಗೆ ಮನೆ ಮಂದಿಯನ್ನೇ ತಂದು ಕೂರಿಸುತ್ತಿದ್ದ. ಬಾವಮೈದ ಬಂದರೆ ಗೊರಕೆ ಹೊಡೆಯುತ್ತಿದ್ದ. ನಾದಿನಿ ಫೋನಿನಿಂದ ತಲೆ ಎತ್ತುತ್ತಿರಲಿಲ್ಲ. ನಂಬಿಕಸ್ಥ ಆಸಾಮಿಯೆಂದರೆ ದೊಡ್ಡಮ್ಮ ಒಬ್ಬಳೇ. ಅವಳು ಬೇಗ ಬರುತ್ತಿದ್ದಳು, ನೆಟ್ಟಗೆ ಕೂರುತ್ತಿದ್ದಳು, ವೇದಿಕೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂಬುದನ್ನು ಬಿಟ್ಟರೆ ಅಂಥ ಶ್ರೋತೃ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಅವನು ಶಾಲೆಗೆ ಸೇರಿದ ಹೊಸದರಲ್ಲಿ ಒಂದು ಜ್ವರ ಬಂದು ಅವಳ ಎರಡೂ ಕಿವಿಗಳನ್ನು ಒಯ್ದಿತ್ತು. ತಾಯಿಗೆ ಬೇರೆ ಊರಲ್ಲಿ ಕೆಲಸವಿದ್ದುದರಿಂದ ಅವನು ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ಅವನನ್ನು ಎದುರಿಗೆ ನಿಲ್ಲಿಸಿಕೊಂಡು, 'ನಿಧಾನಕ್ಕೆ ಹೇಳೋ' ಎಂದು ತುಟಿ ನೋಡುತ್ತ ನೋಡುತ್ತ ಅವಳು ಮಾತು ಓದಲು ಕಲಿತಳು. ಅವಳ ಮೊದಲ ಪುಸ್ತಕವೆಂದರೆ ಅವನ ಬಾಯಿ. ತಪ್ಪು ಮಾಡಿ ನೆಲ ನೋಡಿಕೊಂಡು ಗೊಣಗಿದರೆ ಗದ್ದಕ್ಕೆ ಬೆರಳಿಟ್ಟು, "ತಲೆ ಎತ್ತಿ ಹೇಳು, ಕಾಣಿಸಲ್ಲ" ಎನ್ನುತ್ತಿದ್ದಳು. ಹಾಗಾಗಿ ಆ ಮನೆಯಲ್ಲಿ ತಲೆ ತಗ್ಗಿಸಿಕೊಂಡು ತಪ್ಪೊಪ್ಪಿಕೊಳ್ಳುವ ಸೌಲಭ್ಯ ಅವನಿಗೆ ಎಂದೂ ಸಿಗಲಿಲ್ಲ. ಬರಬರುತ್ತ ಅವಳು ಎಷ್ಟು ಪಳಗಿದಳೆಂದರೆ, ಎದುರು ಮನೆಯ ಮಹಡಿಯಲ್ಲಿ ಗಂಡ ಹೆಂಡತಿ ಪಿಸುಗುಟ್ಟಿದ್ದು ಈ ಬದಿಯ ಅಡುಗೆಮನೆಯಲ್ಲಿ ವರದಿಯಾಗುತ್ತಿತ್ತು.

ಗಾಯನ ಮಾತ್ರ ಅವಳಿಗೆ ಸೇರುತ್ತಿರಲಿಲ್ಲ. "ಏನೋ ಅದು? ಬಾಯಿ ತೆಗೆದು 'ಆ' ಅಂತ ಶುರು ಮಾಡಿದ್ರೆ ನಾನು ಬಿಸ್ಕತ್ತು ತಿಂದು ಮುಗಿಸಿದ್ರೂ ಇನ್ನೂ ಅದೇ 'ಆ'. ಏನು ಓದ್ಲಿ ನಾನು? ಪಿಟೀಲು ಆದ್ರೆ ವಾಸಿ. ಯಾರೂ ಏನೂ ಹೇಳಲ್ಲ. ಅಲ್ಲಿ ನಾನೂ ಒಂದೇ, ಮಿಕ್ಕವರೂ ಒಂದೇ."

ಇದನ್ನೆಲ್ಲ ಅವಳು ಸಭಾಂಗಣದ ಕೊನೆಯವರೆಗೂ ಕೇಳುವಂತೆ ಹೇಳುತ್ತಿದ್ದಳು. ಕಿವಿ ಹೋದ ಮೇಲೆ ತನ್ನ ದನಿಯ ಅಳತೆ ಅವಳಿಗೆ ಸಿಗುತ್ತಿರಲಿಲ್ಲ. ಜೊತೆಗೆ ಸೋಪಿನ ಪುಡಿಯ ಜಾಹೀರಾತಿದ್ದ ಒಂದು ಹಳದಿ ಚೀಲ. ಅದರಲ್ಲಿ ಸ್ವೆಟರು, ಛತ್ರಿ, ಬಿಸ್ಕತ್ತು, ಸೊಂಟಕ್ಕಿಡುವ ಪುಟ್ಟ ದಿಂಬು. ಕಛೇರಿ ಮುಗಿದ ಕೂಡಲೇ ಚೀಲ ಎತ್ತಿ ಹಿಡಿದು, "ಲೋ, ಬಾರೋ, ಬಸ್ಸು ಹೋಗತ್ತೆ!" ಎಂದು ಕೂಗುವಳು. 'ಪ್ರಖ್ಯಾತ'ರ ನಡುವೆ ನಿಂತ ಡಂಗುರನಿಗೆ ಆಗ ವೈರು ಸುತ್ತುವ ತುರ್ತು ಕೆಲಸ ನೆನಪಾಗುತ್ತಿತ್ತು. ಗಣ್ಯರೆಲ್ಲ ಹೊರಟುಹೋಗುವ ತನಕ ಅದು ಮುಗಿಯುತ್ತಿರಲಿಲ್ಲ. ಹಾಗಾಗಿ ಆ 'ಲೋ' ಯಾರಿಗೆಂದು ಯಾರಿಗೂ ಗೊತ್ತಾಗಿರಲಿಲ್ಲ.

ಒಂದು ಸಂಜೆ ಫೋಟೋದವನು ಅವಳ ಚಿತ್ರ ತೆಗೆದ. ಗದ್ದಕ್ಕೆ ಕೈ, ಒಂದಿಷ್ಟು ವಾಲಿದ ತಲೆ, ಅರೆಮುಚ್ಚಿದ ಕಣ್ಣಂಚಿನಲ್ಲಿ ನೀರು. ವಾಲಿದ್ದು ಸೊಂಟ ನೋವಿಗೆ, ನೀರು ಆಕಳಿಕೆಯದು. ಡಂಗುರ ಅದನ್ನು ದೊಡ್ಡದು ಮಾಡಿಸಿ ಕೆಳಗೆ 'ಮೈಮರೆತ ಕ್ಷಣ' ಎಂದು ಬರೆದು ಪೋಸ್ಟರಿಗೆ ಹಾಕಿದ. ಅಂದಿನ ಕಛೇರಿ ಪಿಟೀಲು ಮೇಡಂ ಅವರದು.

ಪಿಟೀಲು ಮೇಡಂ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರು. ಹಿಂದೊಮ್ಮೆ ಅವರು ನುಡಿಸುತ್ತಿದ್ದಾಗ ಮುಂದಿನ ಸಾಲಿಗೆ ಸಾಲೇ ಎದ್ದು ಹೋಗಿತ್ತಂತೆ. ಅಲ್ಲಿಂದ ವೇದಿಕೆ ಹತ್ತಿರಲಿಲ್ಲ. ಡಂಗುರನೇ ಪುಸಲಾಯಿಸಿ ಹತ್ತಿಸಿದ್ದ. ಮೊದಮೊದಲು ನೆಲ ನೋಡಿಕೊಂಡೇ ನುಡಿಸಿದರು. ಆ ಪೋಸ್ಟರ್ ನೋಡಿದ ಮೇಲೆ ತಲೆ ಎತ್ತಿದರು. ಎತ್ತಿ, ಮುಂದಿನ ಸಾಲಿನ ಆ ಒಂದು ಮುಖ ಹುಡುಕಿ, ಅದಕ್ಕೇ ನುಡಿಸತೊಡಗಿದರು. ಕೈ ಬಿಚ್ಚಿಕೊಂಡಿತು. ನಿಜವಾದ ಜನರೂ ಬರತೊಡಗಿದರು. ತನ್ನ ಜಾಣತನಕ್ಕೆ ಡಂಗುರ ತಾನೇ ಬೆನ್ನು ತಟ್ಟಿಕೊಂಡ.

ಹಾಗಿರುವಾಗ ಒಂದು ಕಛೇರಿ ಮುಗಿದು, ಅವನು ವೇದಿಕೆಯ ಮೇಲೆ ಬ್ಯಾನರ್ ಬಿಚ್ಚುತ್ತಿದ್ದಾಗ ಮೇಡಂ ಹತ್ತಿರ ಬಂದರು.

"ಅಲ್ಲಿ ಹಳದಿ ಚೀಲ ಇಟ್ಕೊಂಡು ಕೂತಿದಾರಲ್ಲ, ಅವರು ಯಾರು? ನಿಮಗೆ ಗೊತ್ತಾ?"

ದೊಡ್ಡಮ್ಮ ಕೆಳಗೆ, ಆರಿದ ದೀಪಗಳಡಿ, ಅವನಿಗಾಗಿ ಕಾಯುತ್ತಿದ್ದಳು. ಮೇಡಂ ಪಕ್ಕದಲ್ಲಿ ಪತ್ರಿಕೆಯವರೊಬ್ಬರು, ಇನ್ಯಾರೋ ದೊಡ್ಡ ಮನುಷ್ಯರು. ನಮ್ಮ ದೊಡ್ಡಮ್ಮ ಎನ್ನಲು ಒಂದು ಉಸಿರು ಸಾಕಿತ್ತು. ಕಿವಿಯ ವಿಷಯ ತಿಳಿದರೆ ಪಾಪ ಮೇಡಂ ಮತ್ತೆ ಪಿಟೀಲು ಪೆಟ್ಟಿಗೆಗೆ ಹಾಕಿಬಿಡುತ್ತಾರೆ, ಅದಕ್ಕೇ ಹೇಳಲಿಲ್ಲ ಎಂದು ಆಮೇಲೆ ಅವನು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಕಂಡದ್ದು ಮಾತ್ರ ಆ ಚೀಲ.

"ಯಾರೋ ಏನೋ ಮೇಡಂ, ನಂಗೊತ್ತಿಲ್ಲ" ಎಂದ. ಪತ್ರಿಕೆಯವರು ಮುಗುಳ್ನಕ್ಕಂತೆ ಕಂಡಿದ್ದರಿಂದ ಹುರುಪು ಬಂದು, ಕೇಳದಿದ್ದುದನ್ನೂ ಸೇರಿಸಿದ: "ಇಂಥವರು ಎಲ್ಲಾ ಕಡೆ ಬರ್ತಾರೆ ಬಿಡಿ, ಪುಕ್ಕಟೆ ಫ್ಯಾನ್ ಗಾಳಿಗೆ."

ಎಲ್ಲರೂ ನಕ್ಕರು, ಮೇಡಂ ಹೊರತು. ಇಡೀ ಸಭಾಂಗಣದಲ್ಲಿ ಬೆಳಕಿದ್ದ ಜಾಗ ವೇದಿಕೆಯೊಂದೇ, ಆ ಬೆಳಕು ನೇರ ಬೀಳುತ್ತಿದ್ದುದು ತನ್ನ ಬಾಯಿಯ ಮೇಲೇ ಎಂಬುದು ಡಂಗುರನಿಗೆ ಹೊಳೆದದ್ದು ಬ್ಯಾನರ್ ಮಡಚಿ ಮುಗಿಸಿದ ಮೇಲೆ. ತಿರುಗಿ ನೋಡಿದ. ಕುರ್ಚಿ ಖಾಲಿಯಿತ್ತು. ಅಂದು ಯಾರೂ ಲೋ ಎಂದು ಕೂಗಲಿಲ್ಲ.

ದೊಡ್ಡಮ್ಮ ಬಸ್ಸು ಹಿಡಿದು ಹೋಗಿದ್ದಳು. 'ಮನೆ ಸೇರಿದೆಯಾ?' ಎಂದು ಮೆಸೇಜ್ ಕಳಿಸಿದ. 'ಹೂಂ' ಎಂದು ಬಂತು. ಓದಿರಲಿಕ್ಕಿಲ್ಲ, ದೂರ ಇತ್ತು, ಕನ್ನಡಕ ಹಾಕಿರಲಿಲ್ಲ ಎಂದೆಲ್ಲ ಲೆಕ್ಕ ಹಾಕಿದ. ಅವಳ ಮನೆಗೆ ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಪೋಸ್ಟರ್ ಕೆಲಸ ಬಹಳವಿತ್ತು. ಇಲ್ಲದಿದ್ದರೆ ಅವನೇ ಮಾಡಿಕೊಳ್ಳುತ್ತಿದ್ದ. ನಡುಗುವ ಮೇಜಿನ ಎದುರಿಗೆ ಗೋಡೆಯ ಮೇಲೆ ಅವಳ 'ಮೈಮರೆತ ಕ್ಷಣ' ತೂಗುತ್ತಿತ್ತು. ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಕೂತ.

ಮುಂದಿನ ಕಛೇರಿಗೆ ಅವಳನ್ನು ಅವನು ಕರೆದಿರಲಿಲ್ಲ, ಆದರೂ ಬಂದಳು. ಎಲ್ಲರೊಂದಿಗೆ ಸಾಲಿನಲ್ಲಿ ನಿಂತು, ಒಳಗೆ ಬಂದು, ಕೊನೆಯ ಸಾಲಿನಲ್ಲಿ, ಗೋಡೆಯ ಫ್ಯಾನಿನ ಕೆಳಗೆ ಕೂತಳು. ಚೀಲ ತೊಡೆಯ ಮೇಲಿತ್ತು. ಡಂಗುರ ಅವಳ ಬಳಿಗೆ ಓಡಿದ.

"ದೊಡ್ಡಮ್ಮ, ಇಲ್ಲಿ ಯಾಕೆ ಕೂತೆ? ಮುಂದೆ ಬಾ, ಜಾಗ ಇಟ್ಟಿದೀನಿ."

ದೊಡ್ಡಮ್ಮ ಅವನ ತುಟಿಯನ್ನು ಕೊನೆಯವರೆಗೂ ಓದಿದಳು. ಆಮೇಲೆ, ಕಿವಿ ಹೋದ ಮೇಲೆ ಮೊದಲ ಬಾರಿಗೆ ಮೆಲ್ಲನೆ ಎನ್ನಬಹುದಾದ ದನಿಯಲ್ಲಿ ಹೇಳಿದಳು:

"ಪರವಾಗಿಲ್ಲ ಬಿಡಿ. ನೀವು ಕೆಲಸ ನೋಡ್ಕೊಳ್ಳಿ. ಇಲ್ಲಿ ಗಾಳಿ ಚೆನ್ನಾಗಿದೆ."

ಬಿಡಿ. ನೀವು. ಎತ್ತಿ ಆಡಿಸಿದ ಕೈ, ಮೂಗು ಒರೆಸಿದ ಕೈ, ಬೆನ್ನಿಗೆ ನಾಲ್ಕು ಬಿಟ್ಟದ್ದೂ ಅದೇ ಕೈ. ಈಗ ಅವಳ ಬಾಯಲ್ಲಿ ಬಹುವಚನ. ಬೈದಿದ್ದರೆ ಅವನು ಹೇಗೋ ಜೀರ್ಣಿಸಿಕೊಳ್ಳುತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡು ಅಲ್ಲೇ ನಿಂತ. ಭೂಮಿ ಬಾಯಿ ಬಿಡಲಿಲ್ಲ. ಮೈಕಿನವನು ಕರೆದ.

ಪರದೆ ಸರಿಯಿತು. ಮೇಡಂ ತಲೆ ಎತ್ತಿದರು. ಮುಂದಿನ ಸಾಲಿನ ನಡುವಿನ ಕುರ್ಚಿ ಖಾಲಿ. ಕಮಾನು ಒಂದು ಕ್ಷಣ ತಂತಿಯ ಮೇಲೆ ಎಡವಿತು. ಕಣ್ಣುಗಳು ನೆಲಕ್ಕಿಳಿದವು. ಮತ್ತೆ ಮೊದಲಿನ ಹಾಗೆ, ಏನೋ ಕಳೆದುಕೊಂಡು ಹಾಸಿನ ಮೇಲೆ ಹುಡುಕುವವರಂತೆ ನುಡಿಸಿದರು. ಜನ ಕೆಮ್ಮತೊಡಗಿದರು. ಕೆಮ್ಮು ಶುರುವಾಯಿತೆಂದರೆ ಮುಂದೆ ಎದ್ದು ಹೋಗುವುದೇ ಎಂದು ಡಂಗುರನಿಗೆ ಗೊತ್ತಿತ್ತು.

ವಿರಾಮ ಬಂದಾಗ ಮೇಡಂ ಒಳಗೆ ಹೋಗಲಿಲ್ಲ. ವೇದಿಕೆಯಿಂದಿಳಿದು, ಕುರ್ಚಿಗಳ ನಡುವೆ ಹುಡುಕುತ್ತ, ನೇರ ಕೊನೆಯ ಸಾಲಿಗೆ ನಡೆದರು. ಡಂಗುರ ಹಿಂದೆ ಹಿಂದೆಯೇ ಹೋದ.

"ಅಮ್ಮಾ, ಇವತ್ತು ಯಾಕೆ ಹಿಂದೆ ಕೂತಿರಿ? ಚೆನ್ನಾಗಿ ಬರ್ತಿಲ್ವಾ? ನೀವು ಹೇಳಿದ್ರೆ ನಂಬ್ತೀನಿ. ಬೇರೆ ಯಾರು ಹೇಳಿದ್ರೂ ನಂಬಲ್ಲ. ನೀವು ಯಾರು ಅಂತಾನೂ ನಂಗೆ ಗೊತ್ತಿಲ್ಲ ನೋಡಿ."

"ನಾನಾ? ಯಾರೋ ಏನೋ ಅಂದ್ಕೊಳ್ಳಿ" ಎಂದಳು ದೊಡ್ಡಮ್ಮ. ಡಂಗುರನ ಕಡೆ ನೋಡಲೂ ಇಲ್ಲ. "ನಿಮ್ಮ ಪಿಟೀಲಿಗೇನು, ಬಹಳ..."

ಅವಳು ಅವನ ಸುಳ್ಳನ್ನು ಮುಂದುವರಿಸುತ್ತಿದ್ದಳು. ಅವನ ಮರ್ಯಾದೆ ಕಾಯಲು, ಕೇಳದ ಸಂಗೀತಕ್ಕೆ ಸರ್ಟಿಫಿಕೇಟು ಕೊಡಲು ಹೊರಟಿದ್ದಳು. ಅದನ್ನು ಮಾತ್ರ ಅವನಿಗೆ ನಿಂತು ನೋಡಲಾಗಲಿಲ್ಲ.

"ಇವರು ನಮ್ಮ ದೊಡ್ಡಮ್ಮ" ಎಂದ, ತನ್ನ ಚಪ್ಪಲಿಗೆ. "ನನ್ನನ್ನ ಸಾಕಿದೋರು. ನಾನೇ ಕರ್ಕೊಂಡು ಬಂದು ಕೂರಿಸ್ತಿದ್ದೆ. ಕಿವಿ ಕೇಳಿಸಲ್ಲ."

ಮೇಡಂ ಮುಖದಿಂದ ಬಣ್ಣ ಇಳಿಯಿತು. ಅದನ್ನು ಕಂಡು ದೊಡ್ಡಮ್ಮ, ಏನೋ ಮಾತಾಗಿದೆ, ತನಗೆ ದಕ್ಕಲಿಲ್ಲ ಎಂದು ಅರಿತಳು. ಅವನತ್ತ ತಿರುಗಿದಳು.

"ತಲೆ ಎತ್ತಿ ಹೇಳಿ" ಎಂದಳು. "ಕಾಣಿಸಲ್ಲ."

ಗದ್ದಕ್ಕೆ ಬೆರಳು ಬರಲಿಲ್ಲ. ಅವನೇ ಎತ್ತಬೇಕಾಯಿತು. ಎತ್ತಿ, ಶಾಲೆಯ ಹುಡುಗನಂತೆ ಒಂದೊಂದೇ ಮಾತು ಬಿಡಿಸಿ, ಮತ್ತೆ ಎಲ್ಲ ಹೇಳಿದ. ಎದುರಿನ ಮೂರು ಸಾಲುಗಳು ಪೂರ್ತಿ ತಿರುಗಿ ಕೂತಿದ್ದವು. ಇಷ್ಟು ಗಮನವಿಟ್ಟು ಕೇಳಿದ ಜನ ಅವನ ಯಾವ ಕಾರ್ಯಕ್ರಮಕ್ಕೂ ಬಂದಿರಲಿಲ್ಲ.

"ಹಾಗಾದ್ರೆ ಇಷ್ಟು ದಿನ..." ಎಂದರು ಮೇಡಂ.

"ಇಷ್ಟು ದಿನ ಕಣ್ತುಂಬ ನೋಡಿದೀನಿ ತಾಯಿ" ಎಂದಳು ದೊಡ್ಡಮ್ಮ, ಈಗ ತನ್ನ ಎಂದಿನ ದನಿಯಲ್ಲಿ. "ಕೇಳಿದೆ ಅಂತ ನಾನು ಯಾವತ್ತೂ ಹೇಳಿಲ್ಲ. ಪೋಸ್ಟರ್ ಹೇಳ್ತು."

ಯಾರೋ ನಗೆ ತಡೆದುಕೊಂಡ ಸದ್ದು. ಮೇಡಂ ನಗಲಿಲ್ಲ, ಅಳಲೂ ಇಲ್ಲ. ದೊಡ್ಡಮ್ಮನ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು. ಡಂಗುರನಿಗೆ, ಅಂಗಡಿಯಲ್ಲಿ ಸಾಮಾನು ಹೇಳುವ ದನಿಯಲ್ಲಿ, "ಇನ್ಮೇಲೆ ಮುಂದಿನ ಸಾಲು ಖಾಲಿ ಬಿಟ್ಬಿಡಿ. ಬರೋರು ಬಂದ್ರೆ ಕೂರ್ಲಿ" ಎಂದು ಹೇಳಿ ವೇದಿಕೆಗೆ ವಾಪಸ್ಸಾದರು.

ಉಳಿದರ್ಧವನ್ನು ಅವರು ತಲೆ ಎತ್ತಿಯೇ ನುಡಿಸಿದರು, ಯಾರನ್ನೂ ನೋಡದೆ. ಚೆನ್ನಾಗಿತ್ತೋ ಇಲ್ಲವೋ ಡಂಗುರನಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಕುರ್ಚಿ ಎಣಿಸುತ್ತಿದ್ದವನು ಅಂದು ಮೊದಲ ಬಾರಿಗೆ ಕೇಳಲು ಕೂತಿದ್ದ. ತನ್ನದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದುದರಿಂದ ಬೇರೇನೂ ಒಳಗೆ ಹೋಗಲಿಲ್ಲ.

ಮುಗಿದ ಮೇಲೆ ವೈರು ಸುತ್ತದೆ, ಗಣ್ಯರಿಗೆ ಕೈಮುಗಿಯದೆ ಬಸ್ ನಿಲ್ದಾಣಕ್ಕೆ ಓಡಿದ. ದೊಡ್ಡಮ್ಮ ದೀಪದ ಕಂಬದಡಿ ನಿಂತಿದ್ದಳು. ಅವನು ಬೆಳಕಿಗೆ ಬಂದು, ಮುಖ ಎತ್ತಿ, "ದೊಡ್ಡಮ್ಮ" ಎಂದು ಶುರು ಮಾಡಿದ.

ಅವಳು ಬಸ್ಸು ಬರುವ ದಿಕ್ಕಿಗೆ ತಿರುಗಿಕೊಂಡಳು. ಅಷ್ಟೇ ಸಾಕು, ಅವಳ ಕಿವಿ ಮುಚ್ಚಿದಂತೆ. ಅವನು ಸುತ್ತಿ ಬಂದು ಆ ಕಡೆ ನಿಂತ. ಅವಳು ಈ ಕಡೆ ತಿರುಗಿದಳು. ಕಂಬದ ಸುತ್ತ ಅವರಿಬ್ಬರೂ ಹೀಗೆ ಒಂದು ಸುತ್ತು ಹಾಕಿದ್ದನ್ನು ನಿಲ್ದಾಣದವರೆಲ್ಲ ನೋಡಿದರು.

ಬಸ್ಸು ಬಂತು. ಸೊಂಟ ಹಿಡಿದುಕೊಂಡು ಮೆಟ್ಟಿಲಿಗೆ ಕಾಲಿಟ್ಟವಳು ನಿಂತಳು. ತಿರುಗಿ ನೋಡದೆಯೇ ಹಳದಿ ಚೀಲವನ್ನು ಹಿಂದಕ್ಕೆ ಚಾಚಿದಳು.

"ಹಿಡ್ಕೊಳ್ಳಿ" ಎಂದಳು.

ಡಂಗುರ ಹಿಡಿದುಕೊಂಡ. ಬಸ್ಸು ತುಂಬಿತ್ತು. ಸೋಪಿನ ಪುಡಿಯ ಜಾಹೀರಾತು ಎಲ್ಲರಿಗೂ ಕಾಣುವಂತೆ ಚೀಲವನ್ನು ಎದೆಗವಚಿಕೊಂಡು ಅವಳ ಸೀಟಿನ ಪಕ್ಕ ಕೊನೆಯ ನಿಲ್ದಾಣದವರೆಗೂ ನಿಂತೇ ಹೋದ. ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. 'ಹಿಡ್ಕೊಳ್ಳಿ' ಎಂದದ್ದು 'ಹಿಡ್ಕೋ' ಎಂದಾಗಲು ಇನ್ನೂ ಎಷ್ಟು ಸಲ ಈ ಬಸ್ಸು ಹತ್ತಬೇಕೋ, ಅದನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ.