ಧೂಳಲ್ಲ

ವಿನಿಗರ್‌ನ ಹುಳಿ ವಾಸನೆ ಎಲ್ಲಿ ಬಂದರೂ ಅವಳಿಗೆ ಅತ್ತೆಯ ಕೈ ನೆನಪಾಗುತ್ತಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದದ್ದು ಅದೇ ಕೈ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದ ಆ ಹುಳಿ, ವೀಕ್ಷಣಾಲಯದ ಕತ್ತಲಕೋಣೆಯಲ್ಲಿ ಆಕಾಶದ ಫೋಟೋ ತೊಳೆಯುವ ದ್ರಾವಣದ್ದು.

"ಅತ್ತೆ, ನಿಮ್ಮ ಕೈ ನಾರುತ್ತೆ" ಎಂದು ಅವಳು ಮುಖ ತಿರುಗಿಸಿದರೆ, "ನಕ್ಷತ್ರ ತೊಳೆದು ಬಂದ ಕೈ ಕಣೇ, ಸುಮ್ಮನೆ ಮಲಕ್ಕೋ" ಎನ್ನುತ್ತಿದ್ದರು.

ಈಗ ಅವಳಿಗೇ ಐವತ್ತು ದಾಟಿದೆ. ಅದೇ ವೀಕ್ಷಣಾಲಯದಲ್ಲಿ ಗಾಜು ಒರೆಸುವ ಕೆಲಸ. ಹಿಂದೆ ಆಕಾಶದ ಚಿತ್ರಗಳನ್ನು ಊಟದ ತಟ್ಟೆಯಷ್ಟು ಅಗಲದ ಗಾಜಿನ ಮೇಲೆ ತೆಗೆಯುತ್ತಿದ್ದರು. ಅದರಲ್ಲಿ ಎಲ್ಲವೂ ತಿರುಗುಮುರುಗು. ಆಕಾಶ ಬಿಳಿ, ನಕ್ಷತ್ರ ಕಪ್ಪು ಚುಕ್ಕೆ; ಕೋಟ್ಯಂತರ ನಕ್ಷತ್ರಗಳ ಒಂದು ಗೆಲಾಕ್ಸಿ ಎಂದರೆ ಬೆರಳಲ್ಲಿ ತೀಡಿದ ಕಾಡಿಗೆಯಂಥ ಕಲೆ. ಚಿತ್ರ ಒಂದು ಮೈಗೆ ಮಾತ್ರ. ಬೆನ್ನಿನ ಬರಿಗಾಜಿನ ಮೇಲೆ ಆ ಕಾಲದವರು ಮಸಿಯಲ್ಲಿ ಬಾಣ, ಸುತ್ತು, ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಈಗ ಈ ಗಾಜುಗಳೆಲ್ಲ ಸ್ಕ್ಯಾನರ್‌ಗೆ ಹೋಗಬೇಕು. ಮಸಿ ಯಾವುದು, ನಕ್ಷತ್ರ ಯಾವುದು ಎಂದು ಯಂತ್ರಕ್ಕೆ ತಿಳಿಯದು. ಹಾಗಾಗಿ ಮೊದಲು ಗುರುತುಗಳ ಫೋಟೋ ತೆಗೆದಿಟ್ಟು, ಆಮೇಲೆ ಸ್ಪಿರಿಟ್ ಬಟ್ಟೆಯಿಂದ ಬೆನ್ನು ಒರೆಸಬೇಕು.

ಆ ಬುಧವಾರ ಬೆಳಿಗ್ಗೆ ಲಕೋಟೆಯಿಂದ ಒಂದು ಗಾಜು ತೆಗೆದು ಬೆಳಕಿನ ಮೇಜಿನ ಮೇಲಿಟ್ಟವಳ ಕೈ ಅಲ್ಲೇ ನಿಂತಿತು. ಸುರುಳಿಯಾದ ಗೆಲಾಕ್ಸಿಯೊಂದರ ಅಂಚಿನಲ್ಲಿ ಕಪ್ಪು ಚುಕ್ಕೆ. ಸುತ್ತ ಕೆಂಪು ಮಸಿಯ ಉಂಗುರ. ಪಕ್ಕದಲ್ಲಿ, ಅವಳ ಶಾಲೆಯ ಪುಸ್ತಕಗಳಿಗೆಲ್ಲ ಅತ್ತೆ ಹೆಸರು ಬರೆದುಕೊಟ್ಟಿದ್ದ ಅದೇ ದುಂಡು ಅಕ್ಷರದಲ್ಲಿ ಒಂದೇ ಪದ: "ಧೂಳಲ್ಲ."

ಮನೆಮಂದಿಗೆಲ್ಲ ಗೊತ್ತಿದ್ದ ಕಥೆ ಅದು. ನಲವತ್ತೈದು ವರ್ಷದ ಹಿಂದೆ ಅತ್ತೆ ಆ ಚುಕ್ಕೆಯನ್ನು ಮುಖ್ಯಸ್ಥರಿಗೆ ತೋರಿಸಿದ್ದರು. ಸಿಡಿದ ನಕ್ಷತ್ರ ಇರಬಹುದು ಎಂದಿದ್ದರು. ಮುಖ್ಯಸ್ಥರು ಕೇಳಿದ್ದು ಒಂದೇ ಮಾತು: "ಜೋಡಿ ಗಾಜೆಲ್ಲಿ?" ಒಂದು ಗಾಜಿನಲ್ಲಿ ಕಂಡದ್ದು ಧೂಳೋ ಗಾಜಿನ ರಾಸಾಯನಿಕ ಲೇಪದ ಕಲೆಯೋ ಆಗಿರಬಹುದು ಎಂದೇ ಪ್ರತಿ ರಾತ್ರಿ ಆಕಾಶದ ಒಂದೇ ಜಾಗದ ಎರಡೆರಡು ಗಾಜು ತೆಗೆಯುತ್ತಿದ್ದರು. ಲಕೋಟೆಯಲ್ಲಿ ಎರಡನೆಯದು ಇರಲಿಲ್ಲ. "ಒಡೆದು ಬಚ್ಚಿಟ್ಟಿರಬೇಕು. ಧೂಳು ತೋರಿಸೋಕೆ ಬಂದುಬಿಟ್ಟಳು" ಎಂದರು. ಅಷ್ಟರಲ್ಲಿ ಮಳೆಗಾಲದ ಮೋಡ ಕವಿಯಿತು, ಮೋಡ ಸರಿಯುವ ಹೊತ್ತಿಗೆ ಆ ಗೆಲಾಕ್ಸಿ ಸೂರ್ಯನ ಆಚೆ ಬದಿಗೆ ಸರಿದಿತ್ತು. ತಿಂಗಳುಗಳ ಮೇಲೆ ಮತ್ತೆ ಕಂಡಾಗ ಚುಕ್ಕೆ ಇರಲಿಲ್ಲ. ಅತ್ತೆಗೆ ಧೂಳಮ್ಮ ಎಂಬ ಹೆಸರು ಬಿತ್ತು. ಅತ್ತೆ ಕೆಲಸ ಬಿಟ್ಟರು. ಇನ್ನು ಆ ಗೇಟು ದಾಟುವುದಿಲ್ಲ ಎಂದರು, ದಾಟಲಿಲ್ಲ.

"ಏನಮ್ಮಾ, ಗಾಜಲ್ಲಿ ಮುಖ ನೋಡ್ಕೊಳ್ತಾ ಇದೀಯಾ?"

ಸ್ಕ್ಯಾನರ್ ನಡೆಸುವ ಗಡಿಯಾರಪ್ಪ. ಅವರ ಕೈಗೆ ಎರಡು ಗಡಿಯಾರ. ಒಂದು ಊರಿನದು, ಇನ್ನೊಂದು ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುವ ನಕ್ಷತ್ರಗಳ ಗಡಿಯಾರ. ಎರಡಿದ್ದರೂ ಆ ಮನುಷ್ಯನಿಗೆ ಯಾವುದಕ್ಕೂ ಪುರುಸೊತ್ತಿಲ್ಲ ಎಂದು ಎಲ್ಲರೂ ನಗುತ್ತಿದ್ದರು.

ಅವಳು ಎಲ್ಲವನ್ನೂ ಹೇಳಿದಳು. ಅವರು ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು.

"ಚುಕ್ಕೆ ಚೆನ್ನಾಗೇನೋ ಇದೆ. ಆದರೆ ಜೋಡಿ ಇಲ್ಲದ ಚುಕ್ಕೆನ ಯಂತ್ರ ಧೂಳು ಅಂತಲೇ ಬರ್ಕೊಳ್ಳುತ್ತೆ. ನಾನೇನು ಮಾಡ್ಲಿ?"

"ಜೋಡಿ ಸಿಕ್ಕಿದ್ರೆ?"

"ಸಂಜೆ ಐದಕ್ಕೆ ಈ ಕಪಾಟು ಉಗ್ರಾಣಕ್ಕೆ ಹೋಗುತ್ತೆ. ಅಲ್ಲಿಗೆ ಹೋಗಿದ್ದನ್ನ ಮತ್ತೆ ಯಾರೂ ತೆಗೆಯಲ್ಲ." ಊರಿನ ಗಡಿಯಾರ ನೋಡಿಕೊಂಡರು. "ಬೇರೆ ಗಾಜು ಒರೆಸೋದು ನಾನು ನೋಡ್ಕೋತೀನಿ. ನೀನು ಹುಡುಕು."

ಅವಳು ಆ ತಿಂಗಳ ಕಪಾಟನ್ನೆಲ್ಲ ಜಾಲಾಡಿದಳು. ಲಕೋಟೆಗಳ ನಡುವೆ, ಅರೆಗಳ ಹಿಂದೆ, ಒಡಕು ಗಾಜುಗಳ ಪೆಟ್ಟಿಗೆಯಲ್ಲಿ. ಅತ್ತೆಯ ಒಂದು ಕಣ್ಣು ಹೋಗಿಯೇ ಬಿಟ್ಟಿತ್ತು, ಇನ್ನೊಂದು ದಿನದಿನಕ್ಕೆ ಮಂಜಾಗುತ್ತಿತ್ತು. ಆ ಕಣ್ಣಿರುವಷ್ಟರಲ್ಲಿ ಸಿಕ್ಕಿದರೆ ಸಾಕಿತ್ತು. ಮಧ್ಯಾಹ್ನದವರೆಗೂ ಸಿಗಲಿಲ್ಲ.

ಒಂದು ಗಂಟೆಗೆ ಕಾವಲುಗಾರ ಬಂದು, "ಅಕ್ಕಾ, ಗೇಟಿನ ಹೊರಗೆ ಅಜ್ಜಿ ನಿಂತಿದಾರೆ. ಒಳಗೆ ಬನ್ನಿ ಅಂದ್ರೆ ಬರ್ತಾ ಇಲ್ಲ, ಕುರ್ಚಿ ಕೊಟ್ಟಿದೀನಿ" ಎಂದ.

ಅತ್ತೆಯ ಕೈಯಲ್ಲಿ ಅವಳು ಮರೆತು ಬಂದಿದ್ದ ಊಟದ ಡಬ್ಬಿ.

"ತಲೆ ಕತ್ತಿಗೆ ಅಂಟಿಕೊಂಡಿಲ್ಲದಿದ್ರೆ ಅದನ್ನೂ ಮನೇಲೇ ಬಿಟ್ಟು ಬರ್ತಿದ್ದೆ ನೀನು. ತಗೋ."

"ಅತ್ತೆ, ನಿಮ್ಮ ಗಾಜು ಸಿಕ್ತು. ಕೆಂಪು ಮಸಿದು."

ಅತ್ತೆ ಸೆರಗಿನ ಅಂಚನ್ನು ಮಡಿಸತೊಡಗಿದರು. "ಅಳಿಸಿಬಿಟ್ಯಾ?"

"ಇಲ್ಲ. ಜೋಡಿ ಹುಡುಕ್ತಾ ಇದೀನಿ. ಆ ರಾತ್ರಿ ನಿಜವಾಗ್ಲೂ ಎರಡನೇದು ತೆಗೆದಿದ್ರಾ?"

"ಏನಂದೆ! ನಾನೇ ಹಾಕಿದ್ದು ಕಣೇ. ಮೊದಲನೇದು ತೆಗೆದಾಗ ಹನ್ನೊಂದು. ಆಮೇಲೆ ಮೋಡ ಬಂತು, ಕಾದ್ವಿ. ಮೋಡ ಸರಿದು ಎರಡನೇದು ಹಾಕುವಾಗ ಹನ್ನೆರಡು ಹೊಡೆದು ಹೋಗಿತ್ತು. ನನಗೆ ನೆನಪಿದೆ, ಹೊಸ ತಿಂಗಳು ಹುಟ್ಟಿತು ಅಂತ ಗೋಡೆ ಕ್ಯಾಲೆಂಡರ್ ಹಾಳೆನ ನಾನೇ ಹರಿದೆ. ಆಮೇಲೆ ಲಕೋಟೆ ಮೇಲೆ..."

ಅತ್ತೆ ಮಾತನ್ನು ಅಲ್ಲೇ ಬಿಟ್ಟು ಕುರ್ಚಿಯಿಂದ ಅರ್ಧ ಎದ್ದರು.

ಅವಳಿಗೂ ಹೊಳೆಯಿತು. ವೀಕ್ಷಣಾಲಯದಲ್ಲಿ ಇಂದಿಗೂ ಒಂದು ನಿಯಮವಿದೆ. ಆಕಾಶ ನೋಡುವವರಿಗೆ ಹನ್ನೆರಡು ಹೊಡೆದರೂ ತಾರೀಕು ಬದಲಾಗುವುದಿಲ್ಲ. ಸಂಜೆಯ ತಾರೀಕೇ ಬೆಳಗಾಗುವವರೆಗೆ. ಆಗ ಕೆಲಸಕ್ಕೆ ಸೇರಿ ಬರೀ ಹದಿನೈದು ದಿನವಾಗಿದ್ದ ಅತ್ತೆ ಎರಡನೇ ಗಾಜಿನ ಲಕೋಟೆಯ ಮೇಲೆ ಹೊಸ ತಿಂಗಳ ಒಂದನೇ ತಾರೀಕು ಬರೆದಿದ್ದರು.

ಅವಳು ಓಡಿದಳು. ಮುಂದಿನ ತಿಂಗಳದು ಬೇರೆ ಕಪಾಟು, ಬೇರೆ ಗೋಡೆ. ಮೊದಲನೇ ಅರೆಯ ಮೊದಲನೇ ಲಕೋಟೆ. ಒಂದನೇ ತಾರೀಕಿನದೇ ಎರಡು ಗಾಜು ಇರಬೇಕಾದಲ್ಲಿ ಮೂರಿದ್ದವು. ಮೂರನೆಯದರಲ್ಲಿ ಅದೇ ಸುರುಳಿ, ಅದೇ ಅಂಚು, ಅದೇ ಜಾಗದಲ್ಲಿ ಚುಕ್ಕೆ.

ಗಡಿಯಾರಪ್ಪ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಮತ್ತೊಮ್ಮೆ ಅಳೆದರು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಧೂಳು ಎರಡು ಗಾಜಿನ ಮೇಲೆ ಲೆಕ್ಕ ಹಾಕ್ಕೊಂಡು ಬಂದು ಕೂರಲ್ಲ. ಎಲ್ಲಿ ಆ ಯಮ್ಮ? ಕರ್ಕೊಂಡು ಬಾ."

"ಅವರು ಗೇಟು ದಾಟಲ್ಲ."

"ಹಾಗಾದ್ರೆ ನಾನೇ ಕರೀತೀನಿ."

ಹೋಗಿ ಏನು ಹೇಳಿದರೋ ತಿಳಿಯದು. ಅತ್ತೆ ಅವರ ಮೊಣಕೈ ಹಿಡಿದು, ಮೆಟ್ಟಿಲು ಎಣಿಸುತ್ತ ಒಳಗೆ ಬಂದರು. ಅವರು ಬಗ್ಗಲು ಸುಲಭವಾಗಲೆಂದು ಯಾರೋ ಸ್ಟೂಲಿನ ಮೇಲೆ ದಿಂಬು ಹಾಕಿದ್ದರು. ಒಳ್ಳೆಯ ಕಣ್ಣಿಗೆ ಭೂತಗನ್ನಡಿ ಹಿಡಿದು ಮೊದಲನೆಯ ಗಾಜು ನೋಡಿದರು, ಎರಡನೆಯದು ನೋಡಿದರು, ಮತ್ತೆ ಮೊದಲನೆಯದು.

"ತಪ್ಪು ನಂದೇನಾ!" ಎಂದು ನಕ್ಕುಬಿಟ್ಟರು. "ಪಾಪ, ಆ ಮುದುಕಪ್ಪನ್ನ ನಲವತ್ತೈದು ವರ್ಷದಿಂದ ಬೈತಾ ಇದೀನಲ್ಲೇ. ಅವನು ಸತ್ತ ಮೇಲೂ ಬಿಟ್ಟಿಲ್ಲ."

"ತಾರೀಕು ತಪ್ಪಿತ್ತು, ಚುಕ್ಕೆ ಸರಿ ಇತ್ತಲ್ಲ ಅತ್ತೆ."

"ಸರಿ ಇತ್ತು." ಅತ್ತೆಯ ದನಿ ತಗ್ಗಿತು. ಗಾಜಿನಿಂದ ಕಣ್ಣು ತೆಗೆಯದೆ, ಹಿಂದೆ ಜ್ವರದ ಮಗುವಿಗೆ ಹೇಳುತ್ತಿದ್ದ ಹಾಗೆ ಹೇಳಿದರು: "ನೋಡು, ದೊಡ್ಡ ನಕ್ಷತ್ರಕ್ಕೆ ತನ್ನ ತೂಕವೇ ಶತ್ರು. ತೂಕ ಒಳಕ್ಕೆ ಎಳೆಯುತ್ತೆ, ಒಳಗಿನ ಉರಿ ಹೊರಕ್ಕೆ ತಳ್ಳುತ್ತೆ. ಉರಿ ಮುಗಿದ ಗಳಿಗೆ ನಡುಭಾಗ ಕುಸೀತು, ಮಿಕ್ಕಿದ್ದೆಲ್ಲ ಸಿಡೀತು. ಆ ಬೆಳಕು ಎರಡು ಕೋಟಿ ವರ್ಷ ನಡೆದು ಬಂದು ಈ ಗಾಜಿಗೆ ತಾಗ್ತು. ಅಷ್ಟು ದೂರ ಬಂದದ್ದು ಮುಂದಿನ ಕಪಾಟಲ್ಲಿ ಹೋಗಿ ಕೂತಿತ್ತು."

ಗಡಿಯಾರಪ್ಪ ಕಂಪ್ಯೂಟರಿನಲ್ಲಿ ಎರಡನೇ ಗಾಜಿನ ತಾರೀಕು ತಿದ್ದಿದರು. 'ಕಂಡವರು' ಎಂಬಲ್ಲಿ ಅತ್ತೆಯ ಪೂರ್ತಿ ಹೆಸರು ಕೇಳಿ, ಒಂದೊಂದೇ ಅಕ್ಷರ ಒತ್ತಿದರು. ಆಮೇಲೆ ಸ್ಪಿರಿಟ್ ಬಟ್ಟೆಯನ್ನು ಅತ್ತೆಯ ಮುಂದಿಟ್ಟರು. "ಕೆಂಪು ಮಸಿ ನೀವೇ ಅಳಿಸಿ. ಫೋಟೋ ತೆಗೆದಾಗಿದೆ."

ಅತ್ತೆ ಗಾಜಿನ ಬೆನ್ನನ್ನು ಮೆಲ್ಲಗೆ ಒರೆಸಿದರು. ಉಂಗುರ ಹೋಯಿತು. ಪದ ಹೋಯಿತು. ಚುಕ್ಕೆ ಉಳಿಯಿತು. ಬಟ್ಟೆಯನ್ನು ಮಡಿಸಿಟ್ಟು ಮತ್ತೆ ಭೂತಗನ್ನಡಿ ಎತ್ತಿಕೊಂಡರು. ಏಳುವ ಯೋಚನೆಯೇ ಇರಲಿಲ್ಲ.

ಮೂರು ಗಂಟೆಯಾಗಿತ್ತು. ಬಂದಾಗಿನಿಂದ ಅತ್ತೆ ಏನೂ ತಿಂದಿಲ್ಲವೆಂದು ಅವಳಿಗೆ ಆಗ ತಟ್ಟಿತು. ಡಬ್ಬಿ ತೆರೆಯಲು ತಿರುಗಿದಳು. ಅಷ್ಟರಲ್ಲೇ ಗಡಿಯಾರಪ್ಪ ತಮ್ಮ ಬುತ್ತಿಯ ಮುಚ್ಚಳದಲ್ಲಿ ಅರ್ಧ ಊಟ ಬಡಿಸಿ, ಮೇಲೊಂದು ಚಮಚ ಇಟ್ಟು, ಗಾಜಿಗೆ ತಾಗದಷ್ಟು ದೂರದಲ್ಲಿ, ಅತ್ತೆಯ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಸರಿಸಿದ್ದರು. ಆ ಹೊತ್ತಿನಲ್ಲಿ ಅವರು ಎರಡು ಗಡಿಯಾರಗಳಲ್ಲಿ ಒಂದನ್ನೂ ನೋಡಲಿಲ್ಲ.