ಸೋಮವಾರದ ಇನ್ಸುಲಿನ್

ಅವ್ವ ಕಣ್ಣು ಬಿಡುತ್ತಿಲ್ಲವಂತೆ. ಫೋನಿನಲ್ಲಿ ಸಿಸ್ಟರ್ ಪಲ್ಲವಿ ಹೇಳಿದ್ದು ಅಷ್ಟೇ. ಮಹೇಂದ್ರ ಮೀಟಿಂಗಿನಿಂದ ಎದ್ದ. ಆಸ್ಪತ್ರೆಯ ಖರ್ಚು ಇಳಿಸಿದ ಮ್ಯಾನೇಜರ್ ಎಂದು ಮಾಲೀಕರು ಆಗಷ್ಟೇ ಅವನನ್ನು ಹೊಗಳಿದ್ದರು.

ಮೆಟ್ಟಿಲಿಳಿಯುವಾಗಲೂ ಆ ಹೊಗಳಿಕೆ ಕಿವಿಯಲ್ಲಿ ಹಿತವಾಗಿಯೇ ಇತ್ತು. ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಹೆಂಗಸರ ವಾರ್ಡಿನಲ್ಲಿ ಅವ್ವ ದೇವೀರಮ್ಮ ಬೆವರಿ ತೊಯ್ದು ಮಲಗಿದ್ದಳು. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಯುತ್ತಿಲ್ಲವೆಂದು ಟಿ. ನರಸೀಪುರದ ಆಚೆಯ ಸೋಸಲೆಯಿಂದ ಅವನೇ ನಂಜನಗೂಡಿಗೆ ಕರೆತಂದು ಇಲ್ಲಿ ಸೇರಿಸಿದ್ದ. ಗ್ಲೂಕೋಸ್ ಹಾಕಿ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು.

"ಶುಗರ್ ಪೂರ್ತಿ ಇಳಿದುಹೋಗಿದೆ. ಇನ್ಸುಲಿನ್ ಕೊಟ್ಟಮೇಲೆ ಏನೂ ತಿಂದಿಲ್ಲ," ಎಂದರು.

"ತಿಂಡಿ ಕೊಡಲಿಲ್ವಾ?" ಪಲ್ಲವಿಯನ್ನು ಕೇಳಿದ.

"ಕೊಟ್ರು ಸರ್. ಅಮ್ಮ ಅದನ್ನ ಪಕ್ಕದ ಬೆಡ್ಡಿನವರಿಗೆ ಕೊಟ್ಬಿಟ್ಟಿದ್ದಾರೆ. ಸೋಮವಾರ ಅಲ್ವಾ, ನಂಜುಂಡೇಶ್ವರನ ಮಂಗಳಾರತಿ ಆಗೋವರೆಗೂ ಏನೂ ಮುಟ್ಟಲ್ವಂತೆ."

"ನೀವು ನೋಡ್ಬೇಕಿತ್ತು."

"ಮೊದ್ಲು ನೋಡ್ತಿದ್ವಿ ಸರ್."

ಮೊದಲೆಲ್ಲ ತಟ್ಟೆ ಎದುರಿಗೆ ಬಂದ ಮೇಲೇ ಸೂಜಿ. ತುತ್ತು ಬಾಯಿಗೆ ಹೋಗುವ ತನಕ ಸಿಸ್ಟರ್ ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಿದ್ದಳು. ಸಂಬಳ ದಂಡ, ಎಂದಿದ್ದ ಮಹೇಂದ್ರ. ಒಬ್ಬಳೇ ಎರಡು ವಾರ್ಡಿಗೂ ಚುಚ್ಚಿಕೊಂಡು ಹೋಗಲಿ, ತಿಂಡಿಯ ಗಾಡಿ ಹಿಂದೆ ಬರುತ್ತದೆ. ಎಂ.ಬಿ.ಎ. ಓದಿದ ತಲೆ. ನಂಜನಗೂಡಿನಲ್ಲೇ ಕೂತು ಸೋಮವಾರವನ್ನು ಮರೆತಿತ್ತು.

ಅದೂ ಯಾರಿಗಾಗಿ ಹಿಡಿದ ಸೋಮವಾರ! ಅವನಿಗೆ ಕೆಲಸ ಸಿಗಲೆಂದು ಅವ್ವ ಉಪವಾಸ ಶುರುಮಾಡಿದ್ದಳು. ಸಿಕ್ಕಮೇಲೂ ಬಿಡಲಿಲ್ಲ. "ಉಳೀಬೇಕಲ್ಲಪ್ಪ," ಅಂದಿದ್ದಳು.

ಪಲ್ಲವಿ ಮತ್ತೆ ಬೆರಳು ಚುಚ್ಚಿ ನೋಡಿದಳು. "ನಾರ್ಮಲ್ ಬಂತು ಸರ್." ಅಂಕಿ ಸರಿಯಾಗಿತ್ತು. ಅವ್ವ ಮಾತ್ರ ಏಳಲಿಲ್ಲ.

"ಎಷ್ಟು ಹೊತ್ತು ಹೀಗಿದ್ದರೋ. ನಿದ್ದೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ," ಎಂದರು ಡಾಕ್ಟರು. "ಮಿದುಳಿಗೆ ಏನಾದ್ರೂ... ಕಾದು ನೋಡೋಣ."

ಅವನು ಸ್ಟೂಲಿನ ಮೇಲೆ ಕೂತ. ಗಟ್ಟಿಯಾಗಿ ಅಳಬೇಕೆನಿಸಿತು. ಕೊರಳಲ್ಲಿ ಆಸ್ಪತ್ರೆಯ ಕಾರ್ಡು ನೇತಾಡುತ್ತಿತ್ತು, ಜನ ನೋಡುತ್ತಿದ್ದರು. ಅಳಲಿಲ್ಲ.

ಮಧ್ಯಾಹ್ನ ಅವ್ವ ಕಣ್ಣು ಬಿಟ್ಟಳು.

"ಅವ್ವಾ."

ಅವಳು ಅವನ ಮುಖ ನೋಡಿದಳು. ಯಾರೋ ದೊಡ್ಡ ಮನುಷ್ಯರು ಬಂದಂತೆ ಎದ್ದು ಕೂರಲು ಹೆಣಗಿದಳು.

"ನನ್ ಮಗ ಬತ್ತಾನೆ ಸಾ. ಇಲ್ಲೇ ಕೆಲ್ಸ ಅವನ್ಗೆ."

"ನಾನೇ ಕಣವ್ವ. ಮಹೇಂದ್ರ."

"ಊಂ ಸಾ, ಮಹೇಂದ್ರ. ಅವ್ನು ಬರ್ಲಿ, ಆಮ್ಯಾಕೆ ಉಣ್ತೀನಿ."

ಅವಳ ಕೈ ಹಿಡಿಯಲು ಅವನು ಬಾಗಿದ. ಅವಳು ಬೇರೆಯೇ ತಿಳಿದಳು. ಸೆರಗು ಸರಿಸಿ, ಹೊಕ್ಕುಳ ಸುತ್ತ ನೀಲಿಗಟ್ಟಿದ ಹೊಟ್ಟೆಯನ್ನು ಅವನ ಮುಂದೆ ತೆರೆದು, ಸೂಜಿಗೆಂದು ಕಣ್ಣು ಮುಚ್ಚಿಕೊಂಡಳು.